ಮರ ಬರುವ ಮೊದಲೇ ಹಂಚು ಇಳಿಯಿತು

2025ರ ಏಪ್ರಿಲ್ 28, ಸೋಮವಾರ. ನಾನು ಹುಬ್ಬಳ್ಳಿಯಲ್ಲಿ ಆಫೀಸಿನಲ್ಲಿದ್ದೆ. ಆಯಿ, ಅಂದರೆ ನನ್ನ ಅಮ್ಮ, ಫೋನ್ ಮಾಡಿದಳು. "ತಮಾ, ಹಂಚು ಇಳಿಸ್ತಾ ಇದ್ದ. ಮರ ಬಂಜಿಲ್ಲೆ."

ಊರಿನ ನಮ್ಮ ಹಳೇ ಮನೆಯ ಮಾಡಿಗೆ, ಅಂದರೆ ಚಾವಣಿಗೆ, ಹಾಕಬೇಕಾದ ಮರ ಬಂದಿಲ್ಲ, ಹಂಚು ಮಾತ್ರ ಇಳಿಯುತ್ತಿದೆ. ಆಗ ನನಗೆ ಅದು ದೊಡ್ಡ ವಿಷಯ ಅಂತ ಅನ್ನಿಸಲೇ ಇಲ್ಲ. ಸದ್ಯ, ಕೆಲಸ ಶುರುವಾಯಿತಲ್ಲ ಅಂತ ಖುಷಿಯೇ ಆಯಿತು. ಮಾಡಿನ ಮೇಲೆ ಮತ್ತೆ ಹಂಚು ಕೂತದ್ದು ಡಿಸೆಂಬರಿನಲ್ಲಿ. ನಡುವೆ ಒಂದು ಇಡೀ ಮಳೆಗಾಲ ಬಂದು ಹೋಯಿತು.

ಹಳೇ ಮನೆ ರಿಪೇರಿಗೆ ಕೈ ಹಾಕುವವರು ನಮ್ಮ ಕಡೆ ಈಗ ಜಾಸ್ತಿ ಆಗಿದ್ದಾರೆ. ಅವರಲ್ಲಿ ಇಬ್ಬರು ಮೂವರು ನನ್ನ ಹತ್ತಿರ ವಿಚಾರಿಸಿದರು. ಪ್ರತಿ ಸಲ ಬಾಯಲ್ಲಿ ಹೇಳುವಾಗ ಸಿಟ್ಟು ಮುಂದೆ ಬಂದು ಲೆಕ್ಕ ಹಿಂದೆ ಉಳಿಯುತ್ತದೆ. ಅದಕ್ಕೇ ಲೆಕ್ಕದ ಸಮೇತ ಬರೆದಿಡುತ್ತಿದ್ದೇನೆ.

ಮನೆ

ಕುಮಟಾ ತಾಲೂಕಿನ ಒಂದು ಹಳ್ಳಿ. ಸಮುದ್ರಕ್ಕೆ ಐದಾರು ಕಿಲೋಮೀಟರ್. ಅಜ್ಜ ಕಟ್ಟಿಸಿದ ಮನೆ, ಚಿರೆಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆ. ಕಲ್ಲುಗಳ ನಡುವೆ ಸಿಮೆಂಟಲ್ಲ, ಮಣ್ಣು. ಮೇಲೆ ಸುಣ್ಣದ ಗಾರೆ. ಮಾಡಿಗೆ ಮತ್ತಿ ಮತ್ತು ಹಲಸಿನ ಮರದ ಪಕಾಸು (ಇಳಿಜಾರಿನ ತೊಲೆ), ರೀಪು (ಅಡ್ಡಪಟ್ಟಿ), ಅದರ ಮೇಲೆ ಮಂಗಳೂರು ಹಂಚು. ಹಂಚಿನ ಬೆನ್ನಿಗೆ 1865 ಅಂತ ಅಚ್ಚು ಒತ್ತಿದೆ. ಚಿಕ್ಕವನಿದ್ದಾಗ ನಮ್ಮ ಮನೆ ಅಷ್ಟು ಹಳೆಯದು ಅಂತ ಶಾಲೆಯಲ್ಲಿ ಜಂಬ ಕೊಚ್ಚಿಕೊಂಡಿದ್ದೆ. ಅದು ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಮನೆಗೆ ಅಷ್ಟೆಲ್ಲ ವಯಸ್ಸಾಗಿಲ್ಲ. ಈ ತಪ್ಪು ಲೆಕ್ಕ ಕರಾವಳಿಯಲ್ಲಿ ಇನ್ನೂ ಎಷ್ಟೋ ಮನೆಗಳಲ್ಲಿ ಇರಬಹುದು.

ಮನೆಯಲ್ಲಿ ಇರುವುದು ಅಪ್ಪಯ್ಯ, ಆಯಿ ಇಬ್ಬರೇ. ಅಪ್ಪಯ್ಯನಿಗೆ ಮೊಣಕಾಲು ನೋವು, ರಾತ್ರಿ ಅಂಗಳ ದಾಟಿ ಬಚ್ಚಲಿಗೆ ಹೋಗುವುದು ಕಷ್ಟ. ಒಳಗೇ ಒಂದು ಬಾತ್‌ರೂಮ್ ಬೇಕಿತ್ತು. ಮಾಡು ನಾಲ್ಕು ಕಡೆ ಸೋರುತ್ತಿತ್ತು. ಅಡುಗೆಮನೆ ಗೋಡೆಯ ಗಾರೆ ಉದುರುತ್ತಿತ್ತು. ವೈರಿಂಗ್ ಹೇಗಿತ್ತು ಅಂದರೆ ಮಳೆಗಾಲದಲ್ಲಿ ಸ್ವಿಚ್ಚು ಮುಟ್ಟುವ ಮೊದಲು ಆಯಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

ಒಂದೇ ಹಾಳೆ

ಕಾಂಟ್ರಾಕ್ಟರ್ ಸಿಕ್ಕಿದ್ದು ಗುರುತಿನವರ ಮೂಲಕ. ಹೆಸರು ಬೇಡ. ಮಾತು ಮೆತ್ತಗೆ, ಅಪ್ಪಯ್ಯನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಮನೆ ಸುತ್ತ ಒಂದು ಸುತ್ತು ಹೊಡೆದರು, ಟೇಪು ಹಿಡಿಯಲಿಲ್ಲ. "ಹೆಗಡೇರೇ, ನೀವು ತಲೆ ಬಿಸಿ ಮಾಡ್ಕೊಳ್ಬೇಡಿ, ಮಳೆ ಒಳಗೆ ಮುಗಿಸಿ ಕೊಡ್ತೆ" ಅಂದರು. ಎರಡು ದಿನ ಬಿಟ್ಟು ವಾಟ್ಸಾಪಿನಲ್ಲಿ ಒಂದು ಹಾಳೆಯ ಫೋಟೋ ಬಂತು. ಮಾಡು, ಗಾರೆ, ಬಾತ್‌ರೂಮ್, ವೈರಿಂಗ್, ನೆಲ. ಎಲ್ಲ ಸೇರಿ 8,60,000 ರೂಪಾಯಿ. ಯಾವುದಕ್ಕೆ ಎಷ್ಟು ಅಂತ ಇಲ್ಲ. ಎಷ್ಟು ಪಕಾಸು ಬದಲಾಗುತ್ತದೆ, ಯಾವ ಮರ, ಒಡೆದ ಹಂಚಿನ ಹೊಣೆ ಯಾರದ್ದು, ಏನೂ ಇಲ್ಲ.

ನಾನು ಬ್ಯಾಂಕಿನವರ ಹತ್ತಿರ ಸಾಲದ ಕಾಗದ ಮೂರು ಸಲ ಓದುವವನು. ಈ ಹಾಳೆಗೆ ಮಾತ್ರ "ಓಕೆ" ಅಂತ ಕಳಿಸಿದೆ. ಗುರುತಿನವರು ಹೇಳಿದ ಜನ, ಕರಾರು ಪತ್ರ ಕೇಳಿದರೆ ಬೇಸರ ಮಾಡಿಕೊಂಡಾರು ಅನ್ನುವ ಸಂಕೋಚ.

ಸಂಕ್ರಾಂತಿ ಕಳೆದ ಮೇಲೆ 3,00,000 ಅಡ್ವಾನ್ಸ್ ಕೊಟ್ಟೆ. ಜನವರಿ ಕೊನೆಗೆ ನಾಲ್ಕು ಹುಡುಗರು ಬಂದರು. ಫೆಬ್ರವರಿಯಲ್ಲಿ ಅಡುಗೆಮನೆಯ ಹಳೇ ಗಾರೆ ಕೆತ್ತಿ ಸಿಮೆಂಟ್ ಹಾಕಿದರು. ಬಾತ್‌ರೂಮಿಗೆ ಬಾಗಿಲು ಅಂತ ಒಳಕೋಣೆಯ ಗೋಡೆಯನ್ನು ಮೂರಡಿ ಅಗಲ ಒಡೆದರು. ಮೇಲಿನ ಕಲ್ಲಿನ ಭಾರ ಹೊರಲು ಲಿಂಟಲ್ ಇಲ್ಲ, ಒಂದು ಅಡಿಕೆ ದಬ್ಬೆ ಕೊಟ್ಟು ಹೋದರು. ಮಣ್ಣಿನಲ್ಲಿ ಕೂತ ಕಲ್ಲಿನ ಗೋಡೆ ಅದು. ವಾರದೊಳಗೆ ಬಾಗಿಲ ಮೂಲೆಯಿಂದ ಮೇಲಕ್ಕೆ ಬಿರುಕು ಎದ್ದಿತು. ಆ ಹೊತ್ತಿಗೆ ಸಿಮೆಂಟು, ಮರಳಿಗೆ ಅಂತ ಮತ್ತೆ 1,00,000 ಹೋಗಿತ್ತು. ನಮ್ಮ ಜಿಲ್ಲೆಯಲ್ಲಿ ನಾಲ್ಕು ದೊಡ್ಡ ಹೊಳೆ ಇದ್ದರೂ ಮರಳಿನ ತಾಪತ್ರಯ ತಪ್ಪುವುದಿಲ್ಲ. ಹಾಗಾಗಿ "ಮರಳು ಸಿಕ್ಕಿಲ್ಲ" ಅಂದರೆ ಯಾರೂ ಎದುರು ಮಾತಾಡುವುದಿಲ್ಲ. ನಾನೂ ಆಡಲಿಲ್ಲ.

ಮಾರ್ಚಿನಲ್ಲಿ ಹತ್ತು ದಿನ ಒಬ್ಬ ಆಳೂ ಬರಲಿಲ್ಲ. ಫೋನ್ ಮಾಡಿದರೆ, "ಹುಡುಗ್ರು ಶಿರಸಿ ಜಾತ್ರೆಗೆ ಹೋಗಿದ್ರು, ಬಂದ್ಕೂಡ್ಲೆ ಕಳಿಸ್ತೆ." ನಾನು ಸರಿ ಅಂದೆ. ರಾತ್ರಿ ಆಯಿಗೆ ಹೇಳಿದರೆ ಅವಳು ನಕ್ಕಳು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. 2024ರಲ್ಲಿ ಆಗಿತ್ತು, 2025ರಲ್ಲಿ ಜಾತ್ರೆಯೇ ಇಲ್ಲ. ಸುಳ್ಳು ಹೇಳುವವರು ಇಷ್ಟಾದರೂ ಲೆಕ್ಕ ಇಟ್ಟುಕೊಳ್ಳಬೇಡವಾ?

ಅಲ್ಲಿಗೇ ನಿಲ್ಲಿಸಬೇಕಿತ್ತು. ಕೊಟ್ಟದ್ದು 4 ಲಕ್ಷ. ಮಾಡು ಇನ್ನೂ ಮಾಡಾಗಿಯೇ ಇತ್ತು. ಬೇರೆಯವರನ್ನು ಕರೆಸಬಹುದಿತ್ತು. ಆದರೆ ಕೊಟ್ಟ ದುಡ್ಡಿನ ಆಸೆ ಬಿಡಲಿಲ್ಲ. ಏಪ್ರಿಲ್ ಎರಡನೇ ವಾರ "ಮರಕ್ಕೆ" ಅಂತ 1,50,000 ಕೇಳಿದರು. ಕೊಟ್ಟೆ. ಒಟ್ಟು 5,50,000.

ಹಂಚು ಇಳಿದ ದಿನ

ಶನಿವಾರ, ಭಾನುವಾರ ನಾನು ಊರಲ್ಲಿರುತ್ತೇನೆ. ಹಂಚು ಇಳಿಸಿದ್ದು ಸೋಮವಾರ. ಇದು ಕಾಕತಾಳೀಯ ಅಂತ ಈಗ ನಂಬಲು ನನಗೆ ಕಷ್ಟ.

ಮುಖ್ಯ ಮಾಡು ಸುಮಾರು 1,800 ಚದರ ಅಡಿ. ನೂರು ಚದರ ಅಡಿಗೆ 140ರಿಂದ 150 ಹಂಚು ಹಿಡಿಯುತ್ತದೆ. ಅಂದರೆ ಹತ್ತಿರ ಹತ್ತಿರ 2,600 ಹಂಚು. ಅದನ್ನು ಮೂರು ದಿನದಲ್ಲಿ ಇಳಿಸಿ ಅಂಗಳದಲ್ಲಿ ಒಟ್ಟಿದರು. ಕೈಯಿಂದ ಕೈಗೆ ದಾಟಿಸಿ ಇಳಿಸಬೇಕಾದ್ದನ್ನು ಮೇಲಿಂದ ಜಾರಿಸಿದರು, ಕೆಲವನ್ನು ಎಸೆದರು. ಆಯಿ ಎಣಿಸಿದ ಪ್ರಕಾರ ಒಡೆದದ್ದು 700ಕ್ಕೂ ಮೇಲೆ. ಹಂಚು ಹೋದರೆ ಹೊಸದು ತರಬಹುದಲ್ಲ ಅಂತ ಅನ್ನಿಸಬಹುದು. ಆದರೆ ಒಂದು ಕಾರ್ಖಾನೆಯ ಹಂಚಿನ ಪಕ್ಕಕ್ಕೆ ಇನ್ನೊಂದು ಕಾರ್ಖಾನೆಯದ್ದು ಸರಿಯಾಗಿ ಕಚ್ಚಿ ಕೂರುವುದಿಲ್ಲ. ಅಂಚಿನ ಕಾಲುವೆಯ ಅಳತೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ. ಗಾಳಿಮಳೆ ಬಂದಾಗ ನೀರು ಅದೇ ಸಂದಿನಲ್ಲಿ ಒಳಗೆ ಇಳಿಯುತ್ತದೆ.

"ಮರ ಎರಡು ದಿನದಲ್ಲಿ ಬರ್ತದೆ" ಅಂದಿದ್ದರು. ಹಂಚು ಇಳಿದ ಮೇಲೆ ಹುಡುಗರೂ ಇಲ್ಲ, ಮರವೂ ಇಲ್ಲ. ಆಮೇಲೆ ಗೊತ್ತಾಯಿತು, ಅವರ ಕೈಯಲ್ಲಿ ಆಗ ನಾಲ್ಕು ಮನೆಗಳ ಕೆಲಸ ಇತ್ತು. ನಮ್ಮ ಮರದ ದುಡ್ಡು ಇನ್ನೊಂದು ಮನೆಯ ಸ್ಲ್ಯಾಬಿಗೆ ಹೋಗಿತ್ತು. ಆ ಮನೆಯವರ ದುಡ್ಡು ಅದಕ್ಕೂ ಮೊದಲು ಯಾವುದೋ ಅಂಗಡಿಯ ಸಾಲಕ್ಕೆ. ನನಗೆ ಅನ್ನಿಸುವುದು, ಅವರು ಮೋಸ ಮಾಡಲೆಂದೇ ಬಂದವರಲ್ಲ. ಹೊಸ ಮನೆಯ ಅಡ್ವಾನ್ಸಿನಿಂದ ಹಳೇ ಮನೆಯ ಬಾಕಿ ತೀರಿಸುತ್ತ ಹೋದವರು. ಅದಕ್ಕೆ ಪ್ರತಿ ತಿಂಗಳು ಒಂದು ಹೊಸ ಮನೆ ಬೇಕು, ಹಿಡಿದ ಮನೆಯೂ ಕೈತಪ್ಪಬಾರದು.

ಕೈತಪ್ಪದಂತೆ ನೋಡಿಕೊಳ್ಳುವ ದಾರಿಯೇ ಹಂಚು ಇಳಿಸುವುದು. ಇದು ನನಗೆ ತಡವಾಗಿ ಹೊಳೆಯಿತು. ಮಾಡು ಇರುವವರೆಗೆ ಬೇಡ ಅನ್ನುವ ಅಧಿಕಾರ ನಮ್ಮ ಹತ್ತಿರ ಇರುತ್ತದೆ. ಹಂಚು ಇಳಿದ ಗಳಿಗೆಯಿಂದ ನಮ್ಮ ಜುಟ್ಟು ಅವರ ಕೈಯಲ್ಲಿ. ಬಿಚ್ಚಿದ ಮನೆಗೆ ಬೇರೆ ಯಾರೂ ಬರುವುದಿಲ್ಲ. ನಾನು ಮೂವರನ್ನು ಕೇಳಿದೆ. ಮೂವರೂ ಒಂದೇ ಮಾತು: "ಒಬ್ರು ಶುರು ಮಾಡಿದ್ದಕ್ಕೆ ನಾವು ಕೈ ಹಾಕೂದಿಲ್ಲ." ಅವರವರ ನಡುವಿನ ಮರ್ಯಾದೆ ಅದು. ಅದೂ ಅಲ್ಲದೆ ಮೇ ತಿಂಗಳಲ್ಲಿ ಯಾರ ಕೈಯೂ ಖಾಲಿ ಇರುವುದಿಲ್ಲ.

ಮಳೆ

ಲೆಕ್ಕದ ಪ್ರಕಾರ ಮುಂಗಾರು ಕೇರಳಕ್ಕೆ ಬರುವುದು ಜೂನ್ 1ಕ್ಕೆ. ನಮ್ಮಲ್ಲಿಗೆ ಅದಾಗಿ ನಾಲ್ಕೈದು ದಿನಕ್ಕೆ. 2025ರಲ್ಲಿ ಅದು ಮೇ 24ಕ್ಕೇ ಕೇರಳ ತಲುಪಿತು. ಕುಮಟಾದಲ್ಲಿ ಅದಕ್ಕೂ ಮೊದಲೇ ಮಳೆ ಹಿಡಿದಿತ್ತು. ನನ್ನ ಕ್ಯಾಲೆಂಡರಿನಲ್ಲಿ ಉಳಿದಿದ್ದ ಹತ್ತು ದಿನ ರಾತ್ರೋರಾತ್ರಿ ಮಾಯ.

ಅರಬೈಲ್ ಘಟ್ಟ ಇಳಿದು ಓಡಿದೆ. ಕಾರಿನ ಹಿಂದೆ ಹುಬ್ಬಳ್ಳಿಯಲ್ಲಿ ಕೊಂಡ ತಾಡಪಾಲು. ಪಕ್ಕದ ಮನೆಯ ಹುಡುಗರು, ಮಾವ, ನಾನು ಸೇರಿ ಪಕಾಸಿನ ಮೇಲೆ ಎಳೆದು ಕಟ್ಟಿದೆವು. ಅಡುಗೆಮನೆ ಕಡೆಯ ಚಿಕ್ಕ ಮಾಡಿನ ಹಂಚು ಇಳಿಸಿರಲಿಲ್ಲ, ಪುಣ್ಯ. ಅಪ್ಪಯ್ಯ, ಆಯಿ ಅಡುಗೆಮನೆ ಮತ್ತು ಅದರ ಪಕ್ಕದ ಕೋಣೆಯಲ್ಲೇ ಮಳೆಗಾಲ ಕಳೆದರು. ಮಾವನ ಮನೆಗೆ ಹೋಗಿ ಅಂದರೆ ಆಯಿ ಕೇಳಲಿಲ್ಲ. ದೇವರ ದೀಪ ಯಾರು ಹಚ್ಚುತ್ತಾರೆ ಅಂದಳು.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್. ಅದಕ್ಕೆ ತಾಡಪಾಲು ಯಾವ ಲೆಕ್ಕ? ರಾತ್ರಿ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಬೆಳಿಗ್ಗೆ ನೋಡಿದರೆ ಒಂದು ಮೂಲೆ ಹರಿದು ನೀರು ಜಗುಲಿಗೆ ಸುರಿಯುತ್ತಿತ್ತು. ಮೂರು ಸಲ ಬದಲಾಯಿಸಿದೆವು. ಅದಕ್ಕೇ 18,000 ಆಯಿತು.

ನೆಲ ಒದ್ದೆಯಾದದ್ದು, ಅಜ್ಜನ ಪೆಟ್ಟಿಗೆಗೆ ಒರಲೆ (ಗೆದ್ದಲು) ಹಿಡಿದದ್ದು ಕಣ್ಣಿಗೆ ಕಂಡಿತು. ನಿಜವಾದ ಹಾಳು ಕಂಡದ್ದು ಜೂನ್ ಕೊನೆಗೆ. ಒಂದು ಬೆಳಿಗ್ಗೆ ಜಗುಲಿಯ ಗೋಡೆಯ ಮೇಲಿಂದ ಕೆಳಗಿನವರೆಗೆ ಕೆಂಪು ಗೆರೆಗಳು ಇಳಿದಿದ್ದವು, ಎಲೆಅಡಿಕೆ ಉಗುಳಿದ ಹಾಗೆ. ಏಣಿ ಹಾಕಿ ನೋಡಿದೆ. ಗೋಡೆಯ ನೆತ್ತಿಯಲ್ಲಿ ತಾಡಪಾಲಿನ ಮಡಿಕೆಯಲ್ಲಿ ನಿಂತ ನೀರು ಕಲ್ಲಿನ ಸಂದಿಗೆ ಇಳಿಯುತ್ತಿತ್ತು. ಸಂದಿಯ ಮಣ್ಣು ಕರಗಿ ಹೊರಗೆ ಬಂದಿತ್ತು. ಮೇಲಿನ ಸಾಲಿನ ಒಂದು ಕಲ್ಲು ಹಿಡಿದು ಅಲ್ಲಾಡಿಸಿದೆ. ಮಕ್ಕಳ ಹಾಲುಹಲ್ಲಿನ ಹಾಗೆ ಅಲ್ಲಾಡಿತು. ಚಿರೆಕಲ್ಲು ಮಳೆಗೆ ಜಗ್ಗುವುದಿಲ್ಲ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು ಅದು. ಕಲ್ಲನ್ನು ಹಿಡಿದಿಟ್ಟ ಮಣ್ಣಿಗೆ ಮಾತ್ರ ಮೇಲೆ ಟೊಪ್ಪಿ ಬೇಕೇ ಬೇಕು.

ಜುಲೈಯಲ್ಲಿ ಅಡುಗೆಮನೆಯ ಹೊಸ ಸಿಮೆಂಟು ಗಾರೆಯ ಮೇಲೆ ಬಿಳಿ ಉಪ್ಪು ಅರಳಿತು. ಬೆರಳ ಗೆಣ್ಣಿನಿಂದ ತಟ್ಟಿದರೆ ಡಬ್ ಡಬ್ ಅನ್ನುವ ಟೊಳ್ಳು ಸದ್ದು. ಆಗಸ್ಟಿನಲ್ಲಿ ಒಲೆಯ ಹಿಂದಿನ ಒಂದು ಹಲಗೆಯಷ್ಟು ಗಾರೆ ಹಾಗೇ ಕಳಚಿ ಬಿತ್ತು. ಆಯಿ ಆಗ ಹಿತ್ತಲಲ್ಲಿ ಇದ್ದಳು.

ಈ ನಾಲ್ಕು ತಿಂಗಳಲ್ಲಿ ಕಾಂಟ್ರಾಕ್ಟರಿಗೆ ಎಷ್ಟು ಫೋನ್ ಮಾಡಿದೆ ಅಂತ ಎಣಿಸಿಲ್ಲ. ಅವರ ಫೋನಿನ ಕಾಲರ್ ಟ್ಯೂನ್ ಗಣಪತಿಯ ಸ್ತೋತ್ರ. ಇವತ್ತಿಗೂ ಅದು ಎಲ್ಲಾದರೂ ಕೇಳಿದರೆ ನನ್ನ ಹೊಟ್ಟೆ ತೊಳಸುತ್ತದೆ, ಗಣಪತಿ ಕ್ಷಮಿಸಲಿ.

ದುಡ್ಡು ವಾಪಸ್

ಕುಮಟಾದ ಒಬ್ಬ ವಕೀಲರನ್ನು ಕಂಡೆ. ಅವರು ಮೊದಲು ಕೇಳಿದ್ದು, ದುಡ್ಡು ಹೇಗೆ ಕೊಟ್ಟಿರಿ ಅಂತ. ಪೂರ್ತಿ ಬ್ಯಾಂಕಿನಿಂದಲೇ ಹೋಗಿತ್ತು. ವಾಟ್ಸಾಪ್ ಮಾತುಕತೆಯೂ ಇತ್ತು. "ಬದುಕಿದ್ರಿ" ಅಂದರು. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಕೆಳಗೆ ಮನೆ ಕಟ್ಟುವ ಕೆಲಸವೂ ಸೇವೆಯೇ. ಎರಡು ವರ್ಷದೊಳಗೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಕೊಡಬಹುದು. ಕೊಟ್ಟ ಮೊತ್ತ 5 ಲಕ್ಷದವರೆಗೆ ಇದ್ದರೆ ಶುಲ್ಕವೂ ಇಲ್ಲ. ನಮ್ಮದು ಸ್ವಲ್ಪ ಮೇಲೆ, ಶುಲ್ಕ ಇದ್ದರೂ ದೊಡ್ಡದೇನಲ್ಲ ಅಂದರು. ಮೊದಲು ಒಂದು ನೋಟಿಸ್ ಕಳಿಸೋಣ ಅಂತಾಯಿತು.

ವಕೀಲರು ಇನ್ನೊಂದು ಕೆಲಸ ಮಾಡಿಸಿದರು. ಆಗಿರುವ ಕೆಲಸದ ಅಳತೆ. ಒಬ್ಬ ಎಂಜಿನಿಯರ್ ಬಂದು ಟೇಪು ಹಿಡಿದು, ಫೋಟೋ ತೆಗೆದು, ಸಹಿ ಹಾಕಿ ಕೊಟ್ಟರು. ಆದ ಕೆಲಸದ ಬೆಲೆ 2,10,000. ಅಂದರೆ ನಾನು 3,40,000 ಮುಂದೆ ಓಡಿದ್ದೆ. ಜನವರಿಯಿಂದ ಪ್ರತಿ ತಿಂಗಳು ಇದೇ ಲೆಕ್ಕ ಹಾಕಿದ್ದರೆ ಫೆಬ್ರವರಿಯಲ್ಲೇ ಗೊತ್ತಾಗುತ್ತಿತ್ತು. ಅಡ್ವಾನ್ಸ್ ಕೊಟ್ಟ ದಿನವೇ ಗೊತ್ತಾಗುತ್ತಿತ್ತು ಅನ್ನಿ.

ನೋಟಿಸ್ ಮುಟ್ಟಿದ ಮೇಲೆ ಗಣಪತಿ ಸ್ತೋತ್ರ ನಿಂತು ಮನುಷ್ಯರ ಧ್ವನಿ ಬಂತು. ಗುರುತಿನವರೇ ನಡುವೆ ಕೂತರು. ಅಪ್ಪಯ್ಯನಿಗೆ ಕಾರವಾರಕ್ಕೆ ತಿರುಗುವುದು ಬೇಡವಾಗಿತ್ತು. ಎರಡು ಕಂತಿನಲ್ಲಿ 1,20,000 ವಾಪಸ್ ಬಂತು. ಇಷ್ಟಕ್ಕೆ ಬಿಟ್ಟದ್ದು ಸರಿಯಲ್ಲ ಅಂತ ನನ್ನ ಹೆಂಡತಿ ಈಗಲೂ ಹೇಳುತ್ತಾಳೆ. ಅವಳ ಮಾತು ತಪ್ಪು ಅಂತ ನಾನು ಹೇಳುವುದಿಲ್ಲ.

ಆಚಾರಿ

ದೀಪಾವಳಿ ಕಳೆದ ಮೇಲೆ ಎರಡನೇ ಸುತ್ತು. ಈ ಸಲ ಗುತ್ತಿಗೆ ಕೊಡಲಿಲ್ಲ. ಮಾಡಿಗೆ ಒಬ್ಬ ಆಚಾರಿ, ಗೋಡೆಗೆ ಒಬ್ಬ ವಯಸ್ಸಾದ ಗಾರೆಯವರು, ಬೇರೆ ಬೇರೆ. ಸಾಮಾನು ನಾನೇ ತರುವುದು, ಅಂಗಡಿಗೆ ನಾನೇ ದುಡ್ಡು ಹಾಕುವುದು. ಕೂಲಿ ಶನಿವಾರ ಸಂಜೆ.

ಆಚಾರಿ ಮೊದಲ ದಿನ ಉಳಿ ತರಲೇ ಇಲ್ಲ. ಒಂದು ಸುತ್ತಿಗೆ, ಒಂದು ಉದ್ದ ಮೊಳೆ, ಶಾಲೆ ಮಕ್ಕಳ ಗೆರೆ ಪಟ್ಟಿ. ಒಂದೊಂದೇ ಪಕಾಸಿನ ಹತ್ತಿರ ಹೋಗಿ ಸುತ್ತಿಗೆಯ ಹಿಂಬದಿಯಿಂದ ತಟ್ಟಿ ಕಿವಿ ಕೊಟ್ಟರು. ಗೋಡೆಯ ಮೇಲೆ ಕೂರುವ ತುದಿಗೆ ಮೊಳೆ ಚುಚ್ಚಿ ನೋಡಿದರು. ಎಲ್ಲಿ ಮೊಳೆ ಬೆಣ್ಣೆಗೆ ಹೋದ ಹಾಗೆ ಹೋಯಿತೋ ಅಲ್ಲಿ ಸೀಮೆಸುಣ್ಣದ ಗುರುತು. ಒಟ್ಟು 64 ಪಕಾಸು. ಸಂಜೆಗೆ ಪಟ್ಟಿ ಓದಿದರು. ಪೂರ್ತಿ ಹೋದದ್ದು 9. ತುದಿ ಮಾತ್ರ ಹಾಳಾದದ್ದು 14, ಅದಕ್ಕೆ ಜೋಡು ಹಾಕಬಹುದು. ಉಳಿದ 41ಕ್ಕೆ ಏನೂ ಆಗಿಲ್ಲ. "ಇದು ಅಜ್ಜನ ಕಾಲದ ಮತ್ತಿ ಹೆಗಡೇರೇ, ಈಗ ದುಡ್ಡು ಕೊಟ್ರೂ ಇಂಥದ್ದು ಸಿಕ್ತಿಲ್ಲ" ಅಂದರು. ಮೊದಲಿನವರು ಅಷ್ಟನ್ನೂ ತೆಗೆದು ಕಬ್ಬಿಣದ ಪೈಪು ಹಾಕುವ ಮಾತನ್ನೂ ಒಮ್ಮೆ ಎತ್ತಿದ್ದರು. ಸಮುದ್ರದ ಉಪ್ಪು ಗಾಳಿ ಇಷ್ಟು ಹತ್ತಿರ ಇರುವಾಗ ಪೈಪಿಗೆ ಬಣ್ಣ ಬಳಿಯುವುದೇ ಒಂದು ಕಾಯಂ ಕೆಲಸ ಆಗುತ್ತಿತ್ತು.

ಬೇಕಾದ ಮರದ ಉದ್ದ, ದಪ್ಪ ಎಲ್ಲ ಬರೆದುಕೊಟ್ಟರು. ಮರ ಅಂಗಳಕ್ಕೆ ಬಂದು ಬಿದ್ದು, ಅವರು ಒಂದೊಂದನ್ನೂ ತಿರುಗಿಸಿ ನೋಡಿ ಎರಡನ್ನು ವಾಪಸ್ ಕಳಿಸಿದ ಮೇಲೆ ತಾಡಪಾಲು ಬಿಚ್ಚಿದರು. ಅದೂ ಆ ದಿನ ಕೆಲಸ ನಡೆಯುವ ಕಡೆ ಮಾತ್ರ. ಅಡುಗೆಮನೆಯ ಮಾಡಿನ ಹಂಚನ್ನು ಬೆಳಿಗ್ಗೆ ಎಷ್ಟು ತೆಗೆಯುತ್ತಿದ್ದರೋ ಅಷ್ಟು ಸಂಜೆ ಹೊದಿಸಿಯೇ ಕೆಳಗೆ ಇಳಿಯುತ್ತಿದ್ದರು. ನವೆಂಬರಿನಲ್ಲಿ ಎರಡು ಅಡ್ಡಮಳೆ ಬಂತು. ಒಂದು ಹನಿ ಒಳಗೆ ಬರಲಿಲ್ಲ.

ಕೊನೆಯ ಹತ್ತು ಪರ್ಸೆಂಟ್ ಕೂಲಿ ಕೆಲಸ ಮುಗಿದ ಮೇಲೆ ಕೊಡುತ್ತೇನೆ ಅಂತ ಹೇಳಿ ನೋಡಿದೆ. ಸುಟ್ಟ ಬೆಕ್ಕು ನಾನು. ಅವರು ನಕ್ಕರು. "ನನ್ನ ದುಡ್ಡು ನೀವು ಹಿಡ್ಕಂಡ್ರೆ, ನಿಮ್ಮ ಕೆಲ್ಸ ನಾನು ಹಿಡ್ಕಳ್ತೆ." ಸರಿ, ಅದನ್ನು ಬಿಟ್ಟೆ.

ಗೋಡೆಯ ನೆತ್ತಿಯ ಎರಡು ಸಾಲು ಕಲ್ಲು ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಗಾರೆಯವರು ಸಿಮೆಂಟ್ ಬೇಡ ಅಂದರು. "ಮಣ್ಣಿನ ಗೋಡೆಗೆ ಸಿಮೆಂಟ್ ಕೋಟು ಹಾಕಿದ್ರೆ ಅದ್ರ ಬೆವರು ಎಲ್ಲಿಗೆ ಹೋಗ್ಬೇಕು?" ಅಡುಗೆಮನೆಯ ಗಾರೆ ಏಕೆ ಬಿತ್ತು ಅನ್ನುವುದಕ್ಕೆ ಇದಕ್ಕಿಂತ ಸರಳ ವಿವರಣೆ ನನಗೆ ಯಾರೂ ಕೊಟ್ಟಿಲ್ಲ. ಚಿರೆಕಲ್ಲು ನೀರು ಕುಡಿಯುತ್ತದೆ, ಆಮೇಲೆ ಬಿಡುತ್ತದೆ. ಸುಣ್ಣದ ಗಾರೆಯಲ್ಲಿ ಆ ತೇವ ಹೊರಗೆ ಹೋಗುತ್ತದೆ. ಸಿಮೆಂಟಿನ ಹಿಂದೆ ಅದು ಸಿಕ್ಕಿಬೀಳುತ್ತದೆ, ಉಪ್ಪು ಕಟ್ಟಿ ಗಾರೆಯನ್ನೇ ದೂಡುತ್ತದೆ.

ಅಘನಾಶಿನಿಯ ಅಳಿವೆಯಲ್ಲಿ ಚಿಪ್ಪಿಗೆ ಬರಗಾಲವಿಲ್ಲ. ಆ ಚಿಪ್ಪು ಸುಟ್ಟ ಸುಣ್ಣ ಹುಡುಕಿ ತಂದೆವು. ಹಿತ್ತಲಲ್ಲಿ ಗುಂಡಿ ತೋಡಿ ನೀರು ಬಿಟ್ಟರೆ ಅನ್ನ ಕುದಿಯುವ ಹಾಗೆ ಕೊತಕೊತ ಕುದಿಯಿತು. ಅದನ್ನು ಮುಚ್ಚಿ ಹದಿನೈದು ದಿನ ಮುಟ್ಟಬೇಡಿ ಅಂದರು ಗಾರೆಯವರು. ನಾನು ಕ್ಯಾಲೆಂಡರ್ ನೋಡಿದೆ. ಅವರು ನನ್ನನ್ನು ನೋಡಿ, "ಆರು ತಿಂಗ್ಳು ಕಾದ್ರಿ, ಇದಕ್ಕೆ ಹದ್ನೈದ್ ದಿನ ಆಗೂದಿಲ್ವಾ?" ಅಂದರು.

ಹಂಚು ಕಡಿಮೆ ಬಿದ್ದ ಕಡೆಗೆ ಹೊಸದೇ ತಂದೆವು. ಉಳಿದ ಹಳೆಯ ಹಂಚನ್ನೆಲ್ಲ ಎದುರಿನ ಇಳಿಜಾರಿಗೆ, ಹೊಸದನ್ನು ಹಿಂದಿನ ಇಳಿಜಾರಿಗೆ. ಒಂದರ ಪಕ್ಕ ಒಂದು ಬಾರದ ಹಾಗೆ ಆಚಾರಿಯೇ ಮಾಡಿದ ಉಪಾಯ. ಬಾಗಿಲ ಮೇಲೆ ಲಿಂಟಲ್ ಕೂರಿಸಿ ಬಿರುಕು ಹೊಲಿದದ್ದು, ವೈರಿಂಗ್ ಹೊಸದು ಮಾಡಿದ್ದು ಎಲ್ಲ ಗಲಾಟೆ ಇಲ್ಲದೆ ನಡೆಯಿತು, ಅದರಲ್ಲಿ ಹೇಳುವಂಥದ್ದು ಇಲ್ಲ. ಕಾವಿ ನೆಲವನ್ನು ಮುಟ್ಟಲಿಲ್ಲ. ದುಡ್ಡೂ ಇರಲಿಲ್ಲ, ಆಯಿಗೆ ಬೇಕಾಗಿಯೂ ಇರಲಿಲ್ಲ.

ಎರಡನೇ ಸುತ್ತಿಗೆ ಆದದ್ದು, ತಾಡಪಾಲೂ ಸೇರಿ, 7,40,000. ಮೊದಲಿನ 5,50,000 ಕೂಡಿಸಿ, ವಾಪಸ್ ಬಂದ 1,20,000 ಕಳೆದರೆ 11,70,000. ಒಪ್ಪಿದ್ದಕ್ಕಿಂತ 3,10,000 ಜಾಸ್ತಿ, ಅದೂ ನೆಲದ ಕೆಲಸ ಬಿಟ್ಟು.

ಬಾತ್‌ರೂಮಿನ ಬಾಗಿಲು ಒಂದು ಬಾಕಿ ಇತ್ತು. ಅಕ್ಟೋಬರಿನಲ್ಲಿ ಮೊದಲ ಸಲ ಮಾತಾಡುವಾಗಲೇ ಆಚಾರಿ ಗೆರೆ ಪಟ್ಟಿಯ ಕೊನೆಯ ಹಾಳೆಯಲ್ಲಿ ಬರೆದುಕೊಂಡಿದ್ದರು, "ಫೆಬ್ರವರಿ ಕೊನೆಗೆ ಜಾತ್ರೆ, ಆಗ ನಾನು ಬರೂದಿಲ್ಲ, ಈಗ್ಲೇ ಹೇಳ್ತಿದ್ದೆ" ಅಂತ. 2026ರಲ್ಲಿ ಶಿರಸಿಯಲ್ಲಿ ಜಾತ್ರೆ ನಿಜಕ್ಕೂ ಇತ್ತು. ಹೋದರು. ಹೇಳಿದ ದಿನ ಬೆಳಿಗ್ಗೆ ಎಂಟಕ್ಕೆ ಬಾಗಿಲಿನ ಹಲಗೆ ಹೊತ್ತುಕೊಂಡು ಬಂದರು. ಆಯಿಗೆ ಒಂದು ಪೊಟ್ಟಣ ಕುಂಕುಮವನ್ನೂ ತಂದಿದ್ದರು.